ಮಾವ ಎಣಿಸಿದ ಸುತ್ತು

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತರೂ ಎರಡು ಸಲ ಎದ್ದು ಹೋಗುತ್ತೇನೆ; ಒಂದು ಸಲ ಉಪ್ಪಿಗೆ, ಇನ್ನೊಂದು ಸಲ ಸುಮ್ಮನೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀರಾ?" ಎಂದು ಹೆಂಡತಿ ಬೈಯುತ್ತಾಳೆ. ಇಂಥವನನ್ನು ಕಳೆದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾಸನದ ಮನೆಯ ಹಜಾರದಲ್ಲಿ ಕಟ್ಟಿಹಾಕಿದವರು ನನ್ನ ಮಾವ. ಅದೂ ಒಂದೇ ಒಂದು ಮಾತಾಡದೆ.

ಮಾವ ಅಂದರೆ ಹೆಂಡತಿಯ ತಂದೆ. ಅರಕಲಗೂಡಿನಲ್ಲಿ ರಾಗಿ, ಅವರೆ, ಹುರುಳಿಯ ಮಂಡಿ ಇಟ್ಟುಕೊಂಡಿದ್ದವರು. ಮಂಡಿಯ ಒಳಗೆ ಕೂತು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದವರು ತಿರುಗಿ ನೋಡುತ್ತಿದ್ದರಂತೆ, ಅಂಥ ಗಂಟಲು. ಅವರು ಹಣೆಗೆ ವಿಭೂತಿ ಹಚ್ಚುವ ವ್ಯಾಪಾರಸ್ಥರು, ನಾವು ಹೊಳೆನರಸೀಪುರದ ಕಡೆ ಹೊಲ ಉಳುವವರು. ನಾನು ಟಿವಿ ರಿಪೇರಿಯವನು ಬೇರೆ. ಮಗಳು ಹಟ ಹಿಡಿದು ನನ್ನನ್ನು ರಿಜಿಸ್ಟರ್ ಮದುವೆ ಆದಳು. ಎರಡು ವರ್ಷ ಕಳೆದ ಮೇಲೆ ಮನೆಗೇನೋ ಸೇರಿಸಿದರು, ಆದರೆ ನನ್ನ ಜೊತೆ ಮಾತಾಡಲಿಲ್ಲ. ಇಪ್ಪತ್ನಾಲ್ಕು ವರ್ಷ! ಪಕ್ಕದಲ್ಲೇ ಕೂತಿದ್ದರೂ "ಅವರಿಗೆ ಕಾಫಿ ಕೊಡಮ್ಮ", "ಅವರು ಯಾವ ಬಸ್ಸಿಗೆ ಹೊರಡ್ತಾರಂತೆ, ಕೇಳು" ಎಂದು ಮಗಳ ಮೂಲಕವೇ ಮಾತು. ನಾನೇನು ಕಮ್ಮಿಯೇ? "ನಿಮ್ಮ ತಂದೆಯವರಿಗೆ ಹೇಳು, ಫ್ಯಾನು ಸರಿಯಾಯ್ತು ಅಂತ" ಎನ್ನುತ್ತಿದ್ದೆ. ಮಾವ ಎಂಬ ಶಬ್ದ ಅವರ ಎದುರಿಗೆ ನನ್ನ ಬಾಯಿಂದ ಬರಲೇ ಇಲ್ಲ. ಸುಗ್ಗಿ ಮುಗಿದ ಮೇಲೆ ಹೆಂಡತಿಯ ಅಕ್ಕನ ಮನೆಗೆ ಮಂಡಿಯಿಂದ ರಾಗಿ ಮೂಟೆ ಹೋಗುತ್ತಿತ್ತು. ನಮ್ಮ ಮನೆಗೆ ಒಂದು ವರ್ಷವೂ ಬರಲಿಲ್ಲ. ಹೆಂಡತಿ ಆ ವಿಷಯ ಎತ್ತುತ್ತಿರಲಿಲ್ಲ, ಆದರೆ ಪ್ರತಿ ವರ್ಷ ಆ ದಿನಗಳಲ್ಲಿ ಅವಳ ಮುಖ ಚಿಕ್ಕದಾಗುತ್ತಿದ್ದುದು ನನಗೆ ಕಾಣುತ್ತಿತ್ತು.

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಆಸ್ಪತ್ರೆ ಹಾಸನದಲ್ಲಿ, ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು, ಹಾಗಾಗಿ ಹೆಂಡತಿ ನಮ್ಮ ಮನೆಗೇ ಕರೆತಂದಳು. ಅವಳು ಕೊರವಂಗಲದ ಕಡೆ ಶಾಲೆಯ ಟೀಚರು, ರಜೆ ಎಷ್ಟು ದಿನ ಸಿಕ್ಕೀತು? ಹೊಳೆನರಸೀಪುರದ ನನ್ನ ಅಂಗಡಿಗೆ ಬೀಗ ಬಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಹಜಾರದಲ್ಲಿ ಇಬ್ಬರೇ. ಆರಾಮ ಕುರ್ಚಿಯಲ್ಲಿ ಅವರು, ಕಿಟಕಿಗೂ ಬಾಗಿಲಿಗೂ ಓಡಾಡಿಕೊಂಡು ನಾನು. ನೇರವಾಗಿ ಮಾತಾಡದ ಅಭ್ಯಾಸ ಆಗಲೂ ಬಿಟ್ಟಿರಲಿಲ್ಲ. ಲೋಟ ಹಿಡಿದು "ನೀರು" ಎನ್ನುತ್ತಿದ್ದೆ, ಗೋಡೆಗೆ ಹೇಳುವ ಹಾಗೆ.

ವಾರಕ್ಕೆ ಎರಡು ಸಲ ಮಾತು ಕಲಿಸುವ ಮೇಡಂ ಒಬ್ಬರು ಬರುತ್ತಿದ್ದರು. "ಇವರಿಗೆ ಎಲ್ಲಾ ಅರ್ಥ ಆಗುತ್ತೆ. ಪದ ನಾಲಿಗೆಗೆ ಬರ್ತಿಲ್ಲ ಅಷ್ಟೆ. ಬಾಯಿ ಮುಚ್ಕೊಂಡು ಕೂರೋಕೆ ಬಿಡಬೇಡಿ. ಈಗ ಸುಮ್ಮನಾಗಿಬಿಟ್ರೆ ಆಮೇಲೆ ಬಹಳ ಕಷ್ಟ" ಎಂದರು. ಹಸು, ಲೋಟ, ಬಾಳೆಹಣ್ಣಿನ ಚಿತ್ರ ತೋರಿಸಿ ಹೆಸರು ಹೇಳಿ ಎನ್ನುತ್ತಿದ್ದರು. ಮಂಡಿ ನಡೆಸಿದ ಮನುಷ್ಯನಿಗೆ ಬಾಳೆಹಣ್ಣಿನ ಚಿತ್ರ! ಅವರು ಮುಖ ತಿರುಗಿಸಿಬಿಡುತ್ತಿದ್ದರು. ಸಂಜೆ ಹೆಂಡತಿ ಕಾಲ ಬಳಿ ಕೂತು, "ಅಪ್ಪಾಜಿ, ಒಂದು ಸಲ ಮಗಾ ಅನ್ನಿ. ಒಂದೇ ಸಲ" ಎಂದು ಬೇಡುತ್ತಿದ್ದಳು. ಮೊದಮೊದಲು ಪ್ರಯತ್ನಪಟ್ಟರು. ಬೇರೆಯೇ ಏನೋ ಸದ್ದು ಬಂದರೆ ಎಡಗೈಯಲ್ಲಿ ತೊಡೆಗೆ ಹೊಡೆದುಕೊಳ್ಳುತ್ತಿದ್ದರು. ಆಮೇಲೆ ಪ್ರಯತ್ನವನ್ನೂ ಬಿಟ್ಟರು. ತುಟಿ ಬಿಗಿದು ಕೂತುಬಿಟ್ಟರು. ಹೆಂಡತಿ ಅಡುಗೆಮನೆಯಲ್ಲಿ ಈರುಳ್ಳಿ ಇಲ್ಲದೆಯೂ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಇದರ ನಡುವೆ ನನ್ನ ಪವರ್ ಸಪ್ಲೈ ಸುಟ್ಟುಹೋಯಿತು. ರಿಪೇರಿಗೆ ಬಂದ ಬೋರ್ಡುಗಳಿಗೆ ಬೇಕಾದಷ್ಟು ವೋಲ್ಟೇಜು ಕೊಟ್ಟು ಪರೀಕ್ಷೆ ಮಾಡುವ ಡಬ್ಬಿ ಅದು, ಅದಿಲ್ಲದೆ ನನ್ನ ಕೆಲಸ ಸಾಗದು. ಮನೆಯಲ್ಲೇ ನಾಲ್ಕು ಬೋರ್ಡು ನೋಡೋಣ ಎಂದು ಅಂಗಡಿಯಿಂದ ಹೊತ್ತು ತಂದಿದ್ದೆ. ಒಂದು ಮಧ್ಯಾಹ್ನ ಅದರ ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಬಂತು, ವಾರ್ನಿಷ್ ಸುಟ್ಟ ವಾಸನೆ ಮನೆ ತುಂಬಿತು. ಮಾವ ಮೂಗು ಮುಚ್ಚಿಕೊಂಡು ನನ್ನತ್ತ ನೋಡಿದ ನೋಟ ಇದೆಯಲ್ಲ, ಇಪ್ಪತ್ನಾಲ್ಕು ವರ್ಷದ ಅಭಿಪ್ರಾಯ ಅದರಲ್ಲಿತ್ತು.

"ಹೊಸ ಟ್ರಾನ್ಸ್‌ಫಾರ್ಮರ್ ತಗೊಂಡು ಬನ್ನಿ, ಸಿಗಲ್ವಾ?" ಎಂದಳು ಹೆಂಡತಿ. ಸಿಗುತ್ತದೆ. ಆದರೆ ನಾನೇ ಸುತ್ತುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಕೈಗೊಂದು ಕೆಲಸ ಬೇಕಿತ್ತು, ಇಲ್ಲದಿದ್ದರೆ ಆ ಹಜಾರದಲ್ಲಿ ನನಗೆ ತಲೆ ಕೆಡುತ್ತಿತ್ತು.

ಅಟ್ಟದಲ್ಲಿ ಕೆಟ್ಟ ಸ್ಟೆಬಿಲೈಸರ್ ಒಂದು ಬಿದ್ದಿತ್ತು. ಅದನ್ನು ಬಿಚ್ಚಿ ಒಳಗಿನ ತೆಳುವಾದ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ತೊಳೆದು ಒರೆಸಿಟ್ಟೆ. ಅಳತೆ ತೆಗೆದು ಲೆಕ್ಕ ಹಾಕಿದರೆ ಒಂದು ವೋಲ್ಟಿಗೆ ಆರು ಸುತ್ತು ಬಂತು. ಮನೆಯ ಕರೆಂಟು ಬರುವ ಕಡೆ, ಅಂದರೆ ಪ್ರೈಮರಿಗೆ, ಸಾವಿರದ ಮುನ್ನೂರ ಎಂಬತ್ತು ಸುತ್ತು. ನನಗೆ ಬೇಕಾದ ವೋಲ್ಟೇಜು ಹೊರಬರುವ ಕಡೆ, ಅಂದರೆ ಸೆಕೆಂಡರಿಗೆ, ನೂರ ಹದಿಮೂರು. ಸೆಕೆಂಡರಿ ಏನೂ ಕಷ್ಟವಲ್ಲ, ತಂತಿ ದಪ್ಪ, ಸುತ್ತು ಕಡಿಮೆ. ಪ್ರೈಮರಿಯದು ಶಾವಿಗೆಗಿಂತ ತೆಳುವಾದ ತಂತಿ, ಪದರ ಪದರವಾಗಿ ಕಾಗದ ಇಟ್ಟು ಸುತ್ತಬೇಕು, ಲೆಕ್ಕ ತಪ್ಪಬಾರದು.

ತಂತಿಗೆ ಒಂದು ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಹಳೆಯ ಗೆಳೆಯನೊಬ್ಬನಿದ್ದಾನೆ. ನನ್ನನ್ನು ಕಂಡು ನಕ್ಕ. "ಏನ್ ಸಾ, ಈ ವಯಸ್ನಾಗೆ ಪ್ರೈಮರಿ ಸುತ್ತಕ್ಕೆ ಕುಂತಿದೀರಾ? ರೆಡಿ ಸಿಗ್ತದೆ, ಒಂದ್ ತಕಂಡ್ ಓಗಿ."

"ಟೈಮ್ ಐತೆ ಕಣಯ್ಯ, ಕೊಡು."

ತಂತಿ ತೂಗಿ ಕೊಟ್ಟ. "ಒಂದ್ ಮಾತು ಸಾ. ಎಣಿಸೋವಾಗ ಯಾರ್ ಮಾತಾಡ್ಸಿದ್ರೂ ಮಾತಾಡ್ಬ್ಯಾಡಿ. ನಾನಂತೂ ಎಂಡ್ರು ಕರುದ್ರೂ ಓ ಅನ್ನಕ್ಕಿಲ್ಲ."

"ನಮ್ಮನೇಲಿ ಮಾತಾಡ್ಸೋರೇ ಇಲ್ಲ ಬುಡು" ಎಂದು ಬಸ್ಸು ಹತ್ತಿದೆ.

ಎರಡು ಮರದ ತುಂಡುಗಳ ನಡುವೆ ಬಾಗಿಸಿದ ಸರಳು ತೂರಿಸಿ, ಅದಕ್ಕೆ ತಂತಿ ಸುತ್ತುವ ಬಾಬಿನ್ ಸಿಕ್ಕಿಸಿ, ಹಿಡಿ ಕಟ್ಟಿ ಕೈಯಲ್ಲಿ ತಿರುಗಿಸುವ ಯಂತ್ರ ಮಾಡಿಕೊಂಡೆ. ಮಾವನ ಕುರ್ಚಿಯ ಎದುರಿಗೇ ಚಾಪೆ ಹಾಸಿ ಕೂತೆ, ಅವರ ಮೇಲೊಂದು ಕಣ್ಣಿರಬೇಕಲ್ಲ. ಮೊದಲ ದಿನ ಮುನ್ನೂರರ ಹತ್ತಿರ ಬಂದಾಗ ಗ್ಯಾಸ್ ಸಿಲಿಂಡರಿನವನು ಗೇಟು ಬಡಿದ. ಲೆಕ್ಕ ಹೋಯಿತು. ಬಿಚ್ಚಿದೆ. ಎರಡನೇ ಸಲ ಫೋನು. ಬಿಚ್ಚಿದೆ. ಮೂರನೇ ಸಲ ಯಾರೂ ಬರಲಿಲ್ಲ, ನನ್ನ ಹಾಳು ತಲೆಯೇ ಹೊಳೆನರಸೀಪುರಕ್ಕೆ ಹೋಗಿ ಅಂಗಡಿಯ ಬೀಗ ನೋಡಿಕೊಂಡು ಬಂತು. ನಾನೂರ ಅರವತ್ತೋ, ನಾನೂರ ಎಪ್ಪತ್ತೋ? "ಥೂ, ಹಾಳಾಗಿ ಹೋಗ್ಲಿ!" ಎಂದು ಇಕ್ಕಳ ಬಿಸಾಡಿದೆ, ಅದು ಹೋಗಿ ಟೀಪಾಯಿಗೆ ಬಡಿಯಿತು. ಅರ್ಧ ಗಂಟೆ ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ಶುರು ಮಾಡಿದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿ ಒಂದು ಎನ್ನಲು ಬಾಯಿ ತೆರೆದಿದ್ದೆ ಅಷ್ಟೆ.

"ಲಾಭ."

ನಾನು ಹೇಳಿದ್ದಲ್ಲ. ಕುರ್ಚಿಯಿಂದ ಬಂತು.

ನಮ್ಮ ಕಡೆ ಕಾಳು ಅಳೆಯುವವರು ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು ಮಾಡುತ್ತಾರೆ. ಮಾವನ ಗಂಟಲು ಒಡೆದಿತ್ತು, ಆದರೆ ಅಕ್ಷರ ಸ್ಪಷ್ಟ. ನನ್ನ ಕೈ ಅಲ್ಲೇ ನಿಂತಿತು. ಅವರು ಮುಖ ನೋಡಲಿಲ್ಲ, ಬಾಬಿನ್ ನೋಡುತ್ತಿದ್ದರು. ಹೆದರಿ ಹೆದರಿ ಇನ್ನೊಂದು ಸುತ್ತು ತಿರುಗಿಸಿದೆ. "ಎರಡೂ..." ಎಂದರು. ಮತ್ತೊಂದು. "ಮೂರೂ..." ನಾನು ತಡೆದರೆ ಅವರು ಮುಂದೆ ಹೋಗುತ್ತಿರಲಿಲ್ಲ. "ಮೂರೂ... ಮೂರೂ..." ಎಂದು ಅದನ್ನೇ ಹಿಡಿದುಕೊಂಡಿರುತ್ತಿದ್ದರು. ಮಂಡಿಯಲ್ಲಿ ಮುಂದಿನ ಸೇರು ತುಂಬುವವರೆಗೆ ಹಾಗೆ ಒಂದೇ ಸಂಖ್ಯೆ ಹೇಳುತ್ತಿರುವುದು ವಾಡಿಕೆ, ಲೆಕ್ಕ ತಪ್ಪುವ ಮಾತೇ ಇಲ್ಲ. ನೂರಾದಾಗ ಎಡಗೈಯಲ್ಲಿ ಏನೋ ಸನ್ನೆ ಮಾಡಿದರು. ಚಿಟಿಕೆ ಹಿಡಿದು ಆ ಕಡೆಯಿಂದ ಈ ಕಡೆಗೆ ಇಡುವ ಸನ್ನೆ. ಅಡುಗೆಮನೆಗೆ ಹೋಗಿ ಕಡಲೆ ತಂದೆ, ತಲೆ ಅಲ್ಲಾಡಿಸಿದರು. ಗೋಲಿ ತಂದೆ, ಕಣ್ಣು ಮುಚ್ಚಿಕೊಂಡರು. ಹುಣಸೆ ಬೀಜ ತಂದ ಮೇಲೆ ಸಮಾಧಾನವಾಯಿತು. ಎರಡು ಬಟ್ಟಲು, ನೂರಕ್ಕೊಂದು ಬೀಜ.

ಆ ದಿನ ಸಂಜೆ ಹೆಂಡತಿ ಕೊಡೆ ಹಿಡಿದು ಗೇಟಿನ ಹತ್ತಿರ ಬಂದವಳು ಒಳಗೆ ಬರಲೇ ಇಲ್ಲ. ಕಿಟಕಿಯಿಂದ ಕಂಡಳು. ಮಳೆ ಜೋರಾಗಿತ್ತು. ಎಪ್ಪತ್ತೊಂದು, ಎಪ್ಪತ್ತೆರಡು ಎಂದು ಒಳಗಿನಿಂದ ಕೇಳುತ್ತಿತ್ತಲ್ಲ, ತಾನು ಕಾಲಿಟ್ಟರೆ ನಿಂತೀತು ಎಂದು ಹೆದರಿ ಅಲ್ಲೇ ನಿಂತಳು. ನೂರಾದ ಮೇಲೆ ಹಿತ್ತಲ ಬಾಗಿಲಿನಿಂದ ಬಂದು ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದುಕೊಂಡಳು. "ಆ ಗಂಟಲು ಕೇಳಿ ಎಷ್ಟು ದಿನ ಆಗಿತ್ತು ರೀ" ಎಂದಳು. ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೇಡಂಗೆ ಹೇಳಿದೆವು. ಅವರು ಎಣಿಸಿ ಎಂದರೆ ಮಾವ ತುಟಿ ಬಿಗಿದರು. ನಾನು ಹಿಡಿ ತಿರುಗಿಸಿದೆ, "ಲಾಭ" ಎಂದರು. ಮೇಡಂ ನಕ್ಕು, "ಇದು ಅಭ್ಯಾಸದ ಮೇಲೆ ಬರೋ ಮಾತು. ನಡೀಲಿ, ನಿಲ್ಲಿಸಬೇಡಿ. ಇದರ ಹಿಂದೆಯೇ ನಿಜವಾದ ಒಂದು ಮಾತು ಹೊರಡಬಹುದು" ಎಂದರು. ಅಲ್ಲಿಗೆ ನನ್ನ ಟ್ರಾನ್ಸ್‌ಫಾರ್ಮರ್ ಮನೆಯವರೆಲ್ಲರದೂ ಆಯಿತು. ಬೇಗ ಮುಗಿಯದಿರಲಿ ಎಂದು ದಿನಕ್ಕೆ ಎರಡು ಮೂರು ನೂರು ಮಾತ್ರ ಸುತ್ತುತ್ತಿದ್ದೆ. ನಿಧಾನವಾಗಿ ಕೆಲಸ ಮಾಡುವುದು ನನಗೆ ಎಂಥ ಹಿಂಸೆ ಎಂದು ನಿಮಗೆ ಗೊತ್ತಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಬೆನ್ನು ಹಿಡಿಯುತ್ತಿತ್ತು, ಎದ್ದು ಓಡಿಬಿಡೋಣ ಅನಿಸುತ್ತಿತ್ತು. ಆದರೂ ಕೂತೆ.

ಒಂದು ವಿಚಿತ್ರ ಮಾತ್ರ ಇತ್ತು. ನೂರಾದ ಕೂಡಲೇ ನಾನು ಕೈ ನಿಲ್ಲಿಸಲು ಹೋದರೆ ಮಾವ ಎಡಗೈ ಆಡಿಸಿ ತಿರುಗಿಸು, ತಿರುಗಿಸು ಎಂದು ಸನ್ನೆ ಮಾಡುತ್ತಿದ್ದರು. ತಿರುಗಿಸುತ್ತಿದ್ದೆ. ಆಗ ಅವರು ಸುಮ್ಮನಿರುತ್ತಿದ್ದರು. ಆಮೇಲೆ ಬೀಜ ಸರಿಸಿ ಲಾಭ ಎನ್ನುತ್ತಿದ್ದರು. ಮುಂದಿನ ನೂರಿಗೆ ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಾರೇನೋ ಎಂದುಕೊಂಡೆ. ಕೇಳಬಹುದಿತ್ತು. ಕೇಳುವ ಅಭ್ಯಾಸವೇ ನಮ್ಮಿಬ್ಬರಲ್ಲಿ ಇರಲಿಲ್ಲವಲ್ಲ.

ಹದಿಮೂರು ಬೀಜ, ಮೇಲೆ ಎಂಬತ್ತು. ಪ್ರೈಮರಿ ಮುಗಿಯಿತು. ಒಂದು ಬೆಳಿಗ್ಗೆ ಸೆಕೆಂಡರಿಯನ್ನು ನಾನೇ ಎಣಿಸಿ ಸುತ್ತಿದೆ, ಪಟ್ಟಿಗಳನ್ನು ಜೋಡಿಸಿ ಬಿಗಿದೆ. ಮೊದಲ ಸಲ ನೇರವಾಗಿ ಕರೆಂಟು ಕೊಡುವ ಧೈರ್ಯ ಯಾರಿಗಿದೆ? ನಡುವೆ ಬಲ್ಬ್ ಒಂದನ್ನು ಹಾಕಿ ಸ್ವಿಚ್ ಒತ್ತಿದೆ. ಬಲ್ಬ್ ಉರಿಯಲಿಲ್ಲ, ಅಂದರೆ ಒಳಗೆ ತಂತಿಗೆ ತಂತಿ ತಗುಲಿಲ್ಲ. ಒಳ್ಳೆಯದು. ಬಲ್ಬ್ ತೆಗೆದು ನೇರ ಕೊಟ್ಟು ಮೀಟರ್ ಹಿಡಿದೆ. ಹತ್ತೊಂಬತ್ತರ ಹತ್ತಿರ ಬರಬೇಕಾದ ವೋಲ್ಟು ಹದಿನೇಳು ಚಿಲ್ಲರೆಗೆ ನಿಂತಿತು. ಮನೆಯ ಕರೆಂಟು ನೋಡಿದೆ, ಸರಿಯಾಗಿಯೇ ಇತ್ತು. ಮತ್ತೆ ಮತ್ತೆ ಹಿಡಿದೆ. ಹದಿನೇಳು ಚಿಲ್ಲರೆ. ಪ್ರೈಮರಿಯಲ್ಲಿ ಸುತ್ತು ಜಾಸ್ತಿ ಬಿದ್ದರೆ ಮಾತ್ರ ಹೀಗಾಗುವುದು, ಅದೂ ಐದಾರಲ್ಲ, ನೂರರ ಮೇಲೆ.

ಇಷ್ಟು ದಿನ ತಡೆದುಕೊಂಡಿದ್ದ ಸಿಟ್ಟು ಒಂದೇ ಸಲ ನೆತ್ತಿಗೇರಿತು. ತಿರುಗಿ ಕೂಗಿದೆ: "ಎಣಿಸೋದೊಂದು ಕೆಲಸ ಇತ್ತು, ಅದನ್ನೂ ಕೆಡಿಸಿದ್ರಲ್ಲ!"

ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು.

ಅವರು ಈ ಸಲ ತೊಡೆಗೂ ಹೊಡೆದುಕೊಳ್ಳಲಿಲ್ಲ. ಬಟ್ಟಲಿನಲ್ಲಿದ್ದ ಬೀಜಗಳನ್ನು ಎಡಗೈಯಿಂದ ಮೆಲ್ಲಗೆ ದೂರ ತಳ್ಳಿ ಗೋಡೆಯ ಕಡೆ ಮುಖ ಮಾಡಿದರು. ಮರುದಿನ ನಾನು ಬೇರೆ ಬಾಬಿನ್ ಸಿಕ್ಕಿಸಿ ಸುಮ್ಮನೆ ಹಿಡಿ ತಿರುಗಿಸಿದೆ. ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೇಡಂ ಬಂದು ನೋಡಿ ತುಟಿ ಕಚ್ಚಿಕೊಂಡು ಹೋದರು. ಹೆಂಡತಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ತಟ್ಟೆ ಇಟ್ಟು ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಮೂವರು, ಮಾತಿಲ್ಲ. ನಾನು ಕಿಟಕಿಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದೆನೋ. ನನ್ನ ನಾಲಿಗೆಯನ್ನು ಇಕ್ಕಳದಲ್ಲಿ ಹಿಡಿದು ಕೀಳಬೇಕಿತ್ತು. ಅವರಿಗೆ ಮರಳಿ ಬರುತ್ತಿದ್ದ ಮಾತನ್ನು ನಾನೇ ಗಂಟಲಿಗೆ ತಳ್ಳಿಬಿಟ್ಟೆನಲ್ಲ ಎಂದು ಎದೆ ಉರಿಯುತ್ತಿತ್ತು.

ಭಾನುವಾರ ಹೆಂಡತಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಬಾಯಿ ಬಿಟ್ಟು ಕೇಳಿದಳು, "ಅಪ್ಪಾಜಿ ಲೆಕ್ಕದಲ್ಲಿ ಯಾವತ್ತೂ ತಪ್ಪಿದೋರಲ್ಲ. ಅದು ಹೇಗೆ ಜಾಸ್ತಿ ಆಯ್ತು?"

"ನನಗೇನು ಗೊತ್ತು? ನೂರಾದ ಮೇಲೂ ತಿರುಗಿಸು ಅಂತ ಕೈ ಆಡಿಸೋರು. ಬಾಯಲ್ಲಿ ಏನೂ ಹೇಳ್ತಿರಲಿಲ್ಲ. ಹತ್ತೋ ಹನ್ನೊಂದೋ ಸುತ್ತು ಹಾಗೇ ಹೋಗೋದು. ಆಮೇಲೆ ಲಾಭ ಅನ್ನೋರು."

ಅವಳ ಕೈ ಮೊರದ ಮೇಲೆ ನಿಂತುಹೋಯಿತು. "ಪ್ರತಿ ನೂರಕ್ಕೂ?"

"ಹ್ಞೂಂ, ಪ್ರತಿ ನೂರಕ್ಕೂ."

"ಅಯ್ಯೋ ದೇವರೇ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. "ಅದು ಕೊಸರು ರೀ! ಅಳತೆ ಮುಗಿದ ಮೇಲೆ ಲೆಕ್ಕಕ್ಕೆ ಹಿಡೀದೆ ಮೇಲೊಂದು ಬೊಗಸೆ ಹಾಕೋದು. ನಮ್ಮಪ್ಪಾಜಿ ಮಂಡಿಗೆ ಬಂದೋರಿಗೆಲ್ಲ ಹಾಕ್ತಿರಲಿಲ್ಲ. ಬಂದೋರು ಎಷ್ಟು ಗೋಗರೆದ್ರೂ ಅಳತೆ ಅಂದ್ರೆ ಅಳತೆ ಅನ್ನೋರು. ಮನೆಯೋರಿಗೆ ಅಂತ ಅಳೆದರೆ ಮಾತ್ರ ಹಾಕೋರು. ಅಕ್ಕನ ಮನೆಗೆ ರಾಗಿ ಅಳೆಯೋವಾಗ ನೋಡಿದೀನಿ. ನೂರಾದ ಮೇಲೆ ಬಾಯಿ ಮುಚ್ಕೊಂಡು ಸುರಿಯೋರು, ಕಡೇಲಿ ಭಾವನ ಮುಖ ನೋಡಿ 'ಸಾಕಾ?' ಅನ್ನೋರು."

ನಾನು ಹಜಾರದ ಕಡೆ ನೋಡಿದೆ. ಗೋಡೆಗೆ ಮುಖ ಮಾಡಿ ಅವರು ಕೂತಿದ್ದರು. ಹದಿಮೂರು ಸಲ. ನನ್ನ ಕಡೆ ತಿರುಗಿ ಮಾತಾಡದ ಮನುಷ್ಯ ಹದಿಮೂರು ಸಲ ನನಗೆ ಕೊಸರು ಹಾಕಿದ್ದರು, ನಾನು ಅದಕ್ಕೆ ಲೆಕ್ಕ ಕೆಡಿಸಿದಿರಿ ಎಂದು ಕೂಗಿದ್ದೆ.

ಪ್ರೈಮರಿ ಬಿಚ್ಚುವ ಪ್ರಶ್ನೆಯೇ ಇರಲಿಲ್ಲ. ಅದರ ಒಂದು ಸುತ್ತನ್ನೂ ನಾನು ಮುಟ್ಟಲಾರೆ. ಸೆಕೆಂಡರಿಗೆ ಇನ್ನು ಹನ್ನೊಂದು ಸುತ್ತು ಸೇರಿಸಿದರೆ ವೋಲ್ಟು ಸರಿಹೋಗುತ್ತದೆ. ಪಟ್ಟಿಗಳನ್ನೆಲ್ಲ ಮತ್ತೆ ಬಿಡಿಸಿದೆ, ತಂತಿಯ ತುದಿಗೆ ತಂತಿ ಬೆಸೆದೆ, ಚಾಪೆ ಎಳೆದುಕೊಂಡು ಈ ಸಲ ಅವರು ನೋಡುತ್ತಿದ್ದ ಗೋಡೆಯ ಪಕ್ಕಕ್ಕೇ ಹೋಗಿ ಕೂತೆ. ಹೆಂಡತಿ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು.

"ಮಾವ," ಎಂದೆ. ಶಬ್ದ ಹೊರಡಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. "ತಪ್ಪಾಯ್ತು. ನೀವು ಹಾಕಿದ್ದು ಕೊಸರು ಅಂತ ನನಗೆ ಗೊತ್ತಾಗಲಿಲ್ಲ."

ಅವರು ನೋಡಲಿಲ್ಲ. ಹಿಡಿ ತಿರುಗಿಸಿದೆ. ಕಾದೆ. ಏನೂ ಬರಲಿಲ್ಲ. ಕಡೆಗೆ ನಾನೇ ಹೇಳಿದೆ, "ಲಾಭ." ಎರಡನೆಯ ಸುತ್ತಿನ ಹೊತ್ತಿಗೆ ಅವರ ಕಣ್ಣು ಬಾಬಿನ್ ಮೇಲಿತ್ತು. ಹೇಳಲಿಲ್ಲ. ಮೂರನೆಯದಕ್ಕೆ ತುಟಿ ಅಲ್ಲಾಡಿತು. ನಾಲ್ಕನೆಯದಕ್ಕೆ "ನಾಕೂ..." ಎಂದರು. ಐದು. ಆರು. ತಂತಿ ಸಡಿಲವಾಗದಂತೆ ಹೆಬ್ಬೆರಳು ಒತ್ತಿ ಹಿಡಿದಿದ್ದೆ. ಹನ್ನೊಂದಾಯಿತು. ನಿಲ್ಲಿಸಿದೆ. ಮಾವನ ಎಡಗೈ ಎದ್ದಿತು. ತಿರುಗಿಸು, ತಿರುಗಿಸು.

ತಿರುಗಿಸಿದೆ. ಅವರು ಬಾಯಿ ಮುಚ್ಚಿಕೊಂಡಿದ್ದರು. ಒಂದು, ಎರಡು, ಐದು ಸುತ್ತು ಹೋಯಿತು. ಆಮೇಲೆ ಅವರು ಬಾಬಿನ್ ಬಿಟ್ಟು ನನ್ನ ಮುಖ ನೋಡಿದರು. ಬಾಯಿ ಒಂದು ಕಡೆಗೆ ಎಳೆಯಿತು, ಏನೋ ತಪ್ಪು ಸದ್ದು ಬಂತು, ತಡೆದರು. ಮತ್ತೆ ಬಾಯಿ ತೆರೆದರು.

"ಸಾಕಾ?"

ಎಣಿಕೆಯಲ್ಲ. ಮಗಳ ಮೂಲಕವೂ ಅಲ್ಲ. ನನ್ನನ್ನೇ ಕೇಳಿದ್ದು. ಬಾಗಿಲಲ್ಲಿ ಮೊರ ಕೆಳಗೆ ಬಿದ್ದು ಅಕ್ಕಿಯೆಲ್ಲ ಹಜಾರಕ್ಕೆ ಚೆಲ್ಲಿತು.

ಸಾಕಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಆಗಿತ್ತು, ಬಾಬಿನ್‌ನಲ್ಲಿ ಜಾಗವೂ ಇರಲಿಲ್ಲ. ಆದರೆ ಸಾಕು ಎಂದರೆ ಅವರು ಬಾಯಿ ಮುಚ್ಚಿಬಿಡುತ್ತಾರಲ್ಲ. "ಸಾಲದು ಮಾವ" ಎಂದೆ, "ಇನ್ನೊಂದಿಷ್ಟು ಹಾಕಿ." ಅವರ ಎಡಗೆನ್ನೆ ನಕ್ಕಿತು, ಕೈ ಮತ್ತೆ ಎದ್ದಿತು.

ಪಟ್ಟಿಗಳನ್ನು ಬಡಿದು ಬಡಿದು ಕೂರಿಸಬೇಕಾಯಿತು. ಈಗ ನನ್ನ ಮೇಜಿನ ಮೇಲಿರುವ ಸಪ್ಲೈಯಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ಇದೆ. ದಿನವಿಡೀ ಓಡಿದರೂ ಬಿಸಿಯಾಗುವುದಿಲ್ಲ. ಇರಬೇಕಾದ್ದಕ್ಕಿಂತ ಒಂದೂವರೆ ವೋಲ್ಟು ಜಾಸ್ತಿ ಕೊಡುತ್ತದೆ, ನಾನು ಸರಿಮಾಡಲು ಹೋಗಿಲ್ಲ.